ಕತ್ತರಿಸಿದ ಅರ್ತ್ ಪಿನ್

ಠಾಣೆಗೆ ಸೇರಿ ಮೂರು ತಿಂಗಳಾದರೂ ಇನ್‌ಸ್ಪೆಕ್ಟರ್ ಎದುರು ಅವಳ ದನಿ ಗಂಟಲಲ್ಲೇ ಕೂತುಬಿಡುತ್ತಿತ್ತು. ಬರೆ ಎಂದರೆ ಹಾಳೆಗಟ್ಟಲೆ ಬರೆದಾಳು, ಮಾತಾಡು ಎಂದರೆ ಮೂಗಿ. ಇಂಥವಳಿಗೆ ಖಾಕಿ ಯಾಕೆ ಬೇಕಿತ್ತು ಎಂದು ಪದವೀಧರೆ ಕಾನ್‌ಸ್ಟೇಬಲ್ ಅಂದೂ ತನ್ನನ್ನೇ ಕೇಳಿಕೊಂಡಳು.

14ನೇ ತಾರೀಖು, ಬೆಳಿಗ್ಗೆ 10.20ಕ್ಕೆ ದೂರು ಬಂತು. ನಕ್ಷೆ ಬರೆಯುವ ಕಚೇರಿಯಲ್ಲಿ ಹಿಂದಿನ ಸಂಜೆ ನಕ್ಷೆಗಾರನೊಬ್ಬ ಲ್ಯಾಪ್‌ಟಾಪ್ ಮುಟ್ಟಿದೊಡನೆ ವಿದ್ಯುತ್ ಹೊಡೆದು ಸತ್ತಿದ್ದ. ದೂರುದಾರಳು ಅವನ ಅಕ್ಕ.

"ಲ್ಯಾಪ್‌ಟಾಪಿನ ಅಡಾಪ್ಟರ್ ನಾನೇ ಕೊಡ್ಸಿದ್ದು ಸಾರ್, ಸೆಕೆಂಡ್‌ಹ್ಯಾಂಡು. ಅದರ ಪಿನ್ ಮೊದಲೇ ಕತ್ತರಿಸಿ ಹೋಗಿತ್ತು ಅಂತಾರೆ ಕಚೇರಿಯವರು. ಸುಳ್ಳು! ಮೂರೂ ಪಿನ್ ನೆಟ್ಟಗಿದ್ವು."

ಎಫ್‌ಐಆರ್ ಬರೆಯುತ್ತಿದ್ದವಳ ಪೆನ್ನು ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆಯಲ್ಲ ಇದು?

11.40ಕ್ಕೆ ಕಚೇರಿಯಲ್ಲಿ ಪಂಚನಾಮೆ. ಕಟ್ಟಡದ ಎಲೆಕ್ಟ್ರಿಷಿಯನ್, ಇಪ್ಪತ್ತು ವರ್ಷದ ಹಳಬ, ಎಲ್ಲರ ಬಾಯಲ್ಲೂ 'ಕರೆಂಟಣ್ಣ', ಅಡಾಪ್ಟರನ್ನು ಮುಂದಿಟ್ಟ.

"ಪ್ಲಗ್ ಕಿತ್ತಿದ್ದು ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

"ನಾನೇ ಸಾರ್, ಮೇನ್ ಆಫ್ ಮಾಡಿ. ನೋಡಿ, ಅರ್ತ್ ಪಿನ್ನೇ ಇಲ್ಲ. ಈಗಿನವರಿಗೆ ಹೇಳಿದ್ರೆ ಕಿವೀಲಿ ಹಾಕ್ಕೊಳ್ಳಲ್ಲ."

"ಗೋಡೇಲಿ ಅರ್ತ್ ಇದೆಯಾ?"

"ಹೋದ ವಾರ ತಪಾಸಣೆ ಆಯ್ತಲ್ಲ, ಫೇಸ್‌ಗೂ ಅರ್ತ್‌ಗೂ ಹಿಡಿದ ಪರೀಕ್ಷೆ ದೀಪ ಉರೀತು."

ಸಾಕೆಟ್‌ನ ವಿವರ ಬರೆಯಲು ಬಗ್ಗಿದ ಕಾನ್‌ಸ್ಟೇಬಲ್‌ಗೆ ಕೆಳಗಿನ ಎರಡು ತೂತುಗಳ ಒಳಗೆ ಬಿಳಿ ಮುಚ್ಚಳ ಕಂಡಿತು. ಮೇನ್ ಆಫ್ ಇದೆಯೆಂದು ಖಚಿತ ಮಾಡಿಕೊಂಡು ಪ್ಲಗ್ ತುರುಕಿದಳು. ಹೋಗಲಿಲ್ಲ.

"ಏನಮ್ಮಾ, ಸಾಕೆಟ್ ಜೊತೆ ಕುಸ್ತಿನಾ?" ಎಂದರು ಇನ್‌ಸ್ಪೆಕ್ಟರ್.

"ಉದ್ದದ ಅರ್ತ್ ಪಿನ್ ಮೊದಲು ಹೋದ್ರೇನೇ ಈ ಮುಚ್ಚಳ ತೆರೆಯೋದು ಸಾರ್. ಪಿನ್ ಇಲ್ದೆ ನಿನ್ನೆ ಹೆಂಗೆ ಹೋಯ್ತು?"

"ಮೇಲಿನ ತೂತಿಗೆ ಪೆನ್ನು ಚುಚ್ಚಿ ತೆರೆದಿರ್ತಾನೆ," ಎಂದ ಕರೆಂಟಣ್ಣ, ಬಲು ಬೇಗ.

ಇನ್‌ಸ್ಪೆಕ್ಟರ್ ಪ್ಲಗ್ಗನ್ನು ಬೆಳಕಿಗೆ ಹಿಡಿದರು. ಕತ್ತರಿಸಿದ ಜಾಗ ಹೊಚ್ಚಹೊಸದಾಗಿ ಹೊಳೆಯುತ್ತಿತ್ತು. "ನಿಮ್ಮ ಚೀಲ ಬಿಚ್ಚಿ."

ಹಿತ್ತಾಳೆಯ ಚೂರನ್ನೂ ಬಿಸಾಡದ ಕಸುಬುದಾರ ಅವನು. ಹಳೆ ಸ್ಕ್ರೂಗಳ ಡಬ್ಬಿಯಲ್ಲಿ ದಪ್ಪನೆಯ ಪಿನ್ನೊಂದು ಸಿಕ್ಕಿತು. ಪ್ಲಗ್‌ಗೆ ಹಿಡಿದರೆ ಗರಗಸದ ಗೆರೆಗೆ ಗೆರೆ ಕೂಡಿತು. ಸಾಕೆಟ್ ಬಿಚ್ಚಿ ಪರೀಕ್ಷಿಸಿದಾಗ ಅರ್ತ್ ತಂತಿ ಗೋಡೆಯೊಳಗೆಲ್ಲೋ ತುಂಡಾಗಿದ್ದು ತಿಳಿಯಿತು. ಅರ್ತ್ ಮತ್ತು ನ್ಯೂಟ್ರಲ್ ಸ್ಕ್ರೂಗಳೆರಡರಲ್ಲೂ ಯಾವುದೋ ತಂತಿ ಕಿತ್ತ ಹಸಿ ಗುರುತು.

ಸಂಜೆ 4.15ಕ್ಕೆ ಅವನು ಬಾಯಿಬಿಟ್ಟ. ತಪಾಸಣೆಯ ದಿನ ಅರ್ತ್ ಎಲ್ಲಿ ತುಂಡಾಗಿದೆಯೆಂದು ತಿಳಿಯದೆ, ಬೆರಳುದ್ದದ ತಂತಿಯಿಂದ ಅರ್ತನ್ನು ನ್ಯೂಟ್ರಲ್‌ಗೆ ಸೇರಿಸಿದ್ದ. ದೀಪವೇನೋ ಉರಿಯಿತು. 13ರಂದು ಬೋರ್ಡ್ ದುರಸ್ತಿಯಲ್ಲಿ ಕರೆಂಟ್ ತರುವ ಫೇಸ್ ತಂತಿಯೂ ನ್ಯೂಟ್ರಲ್ಲೂ ಅದಲುಬದಲಾಗಿ, ನ್ಯೂಟ್ರಲ್‌ಗೆ ಸೇರಿಸಿದ್ದ ಅರ್ತ್‌ಗೂ ಕರೆಂಟ್ ಬಂತು. ಕಾಯಬೇಕಾದ ಪಿನ್ನಿನಿಂದಲೇ ವಿದ್ಯುತ್ ಲ್ಯಾಪ್‌ಟಾಪ್‌ನ ಲೋಹದ ಮೈಗೆ ಹರಿಯಿತು. ಸಾವಿನ ನಂತರ ತಂತಿ ಕಿತ್ತು, ಪಿನ್ ಕತ್ತರಿಸಿ, ತಪ್ಪನ್ನು ಸತ್ತವನ ತಲೆಗೆ ಕಟ್ಟಿದ್ದ.

"ನಂಗೆ ಗೊತ್ತಾಗ್ತಿಲ್ಲ ಅಂತ ಒಂದು ಮಾತು ಹೇಳೋಕಾಗ್ಲಿಲ್ಲ ಸಾರ್. ಕರೆಂಟಣ್ಣನಿಗೇ ಗೊತ್ತಿಲ್ವಾ ಅಂತ ನಗ್ತಾರೆ."

5.05ಕ್ಕೆ ಬಂಧನ. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ. ನಗುವಿಗೆ ಹೆದರಿದ್ದಕ್ಕೆ ಯಾವ ಕಲಮೂ ಇರಲಿಲ್ಲ.

ಹೊರಗಿನ ಬೆಂಚಿನಲ್ಲಿ ಅಕ್ಕ ಇನ್ನೂ ಕೂತಿದ್ದಳು. "ಹೇಳಮ್ಮಾ, ನಾನು ಕೊಡ್ಸಿದ್ದೇ ಅವನನ್ನ ತಿಂತಾ?"

"ಇಲ್ಲಕ್ಕಾ. ನಿಮ್ಮ ಅಡಾಪ್ಟರ್ ಸರಿಯಾಗೇ ಇತ್ತು. ತಪ್ಪು ಗೋಡೇಲಿತ್ತು."

ಅಕ್ಕ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನೀನೊಬ್ಬಳಾದ್ರೂ ನನ್ನ ನಂಬಿದೆ ತಾಯೀ."

ಸುಮ್ಮನಿದ್ದರೆ ನಡೆಯುತ್ತಿತ್ತು. ಕಾನ್‌ಸ್ಟೇಬಲ್ ಕೈ ಬಿಡಿಸಿಕೊಳ್ಳಲಿಲ್ಲ.

"ನಂಬಿರ್ಲಿಲ್ಲ ಅಕ್ಕಾ. ಮೊದಲು ಅನುಮಾನ ಪಟ್ಟಿದ್ದೇ ನಿಮ್ಮ ಮೇಲೆ."