ರೆಕಾರ್ಡಿನ ಇನ್ನೊಂದು ಮಗ್ಗುಲು

"ಮೇಡಂ, ಮದುವೆ ಕಾರ್ಡ್ ತೋರಿಸ್ತೀರಾ? ತಂಗಿ ಮದುವೆ ಇದೆ."

ತಲೆ ಎತ್ತುವ ಮೊದಲೇ ಯಾರೆಂದು ಗೊತ್ತಾಯಿತು. ಆ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಆದರೆ ಆ ಧ್ವನಿಗೆ ಹದಿನಾರು ದಿನಗಳಿಂದ ಹಿಡಿಶಾಪ ಹಾಕುತ್ತಿದ್ದೆ. ಆರ್‌ಜೆ ಸಮರ್ಥ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಎಫ್‌ಎಂನಲ್ಲಿ ಹಳೇ ಹಾಡು ಹಾಕುವವನು. ನಮ್ಮಜ್ಜಿಯನ್ನು ಇಡೀ ಬೆಂಗಳೂರಿನ ಮುಂದೆ ನಗೆಪಾಟಲು ಮಾಡಿದವನು.

ಸುಲ್ತಾನ್‌ಪೇಟೆಯ ಬೀದಿ ತುಂಬಾ ಕಾರ್ಡಿನ ಅಂಗಡಿಗಳಿವೆ. ಅಷ್ಟನ್ನೂ ಬಿಟ್ಟು ನಾನು ಕೆಲಸ ಮಾಡುವ ಅಂಗಡಿಗೇ ಬಂದನಲ್ಲ! ದೇವರಿದ್ದಾನೆ ಅನ್ನಿಸಿತು.

"ಕೂತ್ಕೊಳಿ ಸರ್," ಅಂದೆ ನಯವಾಗಿ.

ಕೂತ. ಬಿಳಿ ಜುಬ್ಬಾ, ಕೆದರಿದ ಕೂದಲು, ನಕ್ಕರೆ ಎಡಗೆನ್ನೆಯಲ್ಲಿ ಗುಳಿ. ನೋಡಲು ಕೋಡಂಗಿಯಂತಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ದ್ವೇಷಿಸುವವರಿಗೂ ಸ್ವಲ್ಪ ಅನುಕೂಲ ಬೇಕಲ್ಲ.

ಆಗಿದ್ದು ಇಷ್ಟು. ಈಗ ಇಲ್ಲದ ನಮ್ಮ ತಾತ ಮಾಯಣ್ಣ ಚಾಮರಾಜಪೇಟೆ ಕಡೆಯ ಒಂದು ಟಾಕೀಸಿನಲ್ಲಿ ಕೆಲಸಕ್ಕಿದ್ದರು. ಆಟ ಶುರುವಾಗುವ ಮೊದಲು ರೆಕಾರ್ಡ್ ಹಾಕಿ ಜನರಿಗೆ ಹಾಡು ಕೇಳಿಸುವುದು ಅವರ ಕೆಲಸ. ಅಲ್ಲೇ ನಮ್ಮಜ್ಜಿ ಮುನಿಯಕ್ಕನನ್ನು ನೋಡಿ ಮೆಚ್ಚಿದ್ದು. ಅವರಿಬ್ಬರಿಗೂ ಪ್ರಾಣವಾದ ಒಂದು ಕಪ್ಪು-ಬಿಳುಪು ಕಾಲದ ಹಾಡಿದೆ. ಅದರಲ್ಲಿ ನಾಯಕ ಕೇಳುತ್ತಾನೆ, 'ಹೊಳೆ ದಾಟಿ ಬರುವೆಯಾ?' ಅಂತ. ರೇಡಿಯೋದಲ್ಲಿ ಹಾಡು ಅಲ್ಲಿಗೇ ಮುಗಿಯುತ್ತದೆ. ಆದರೆ ನಾಯಕಿ ಉತ್ತರ ಹಾಡುವ ಭಾಗವೂ ಇದೆ ಅನ್ನುವುದು ಅಜ್ಜಿಯ ಮಾತು. ತಮ್ಮ ಮದುವೆಯ ವಾರ್ಷಿಕೋತ್ಸವದ ದಿನ ಅದನ್ನು ಹಾಕಿ ಅಂತ ಕೇಳಲು ಅಜ್ಜಿ ಈ ಸಮರ್ಥನಿಗೆ ಫೋನ್ ಮಾಡಿದರು. ನಾನೇ ನಂಬರ್ ಒತ್ತಿಕೊಟ್ಟೆ.

"ಅಜ್ಜೀ, ಅವಳು ಹಾಡೋದೇ ಇಲ್ಲ ಆ ಹಾಡಲ್ಲಿ. ಕನಸಲ್ಲಿ ಕೇಳಿರ್ಬೇಕು ನೀವು. ವಯಸ್ಸಾದ್ಮೇಲೆ ಒಂದು ಹಾಡಿನ ಬಾಲ ಇನ್ನೊಂದು ಹಾಡಿಗೆ ಅಂಟ್ಕೊಳತ್ತೆ," ಅಂದು ಯಾವುದೋ ಗುಂಡಿ ಒತ್ತಿದ. ನೂರು ಜನ ಹೋ ಎಂದು ನಗುವ ಶಬ್ದ ಬಂತು. ಅಜ್ಜಿ ಇನ್ನೂ "ಇಲ್ಲ ಕಣಪ್ಪ, ತಿರುವಿ ಹಾಕುದ್ರೆ..." ಅನ್ನುತ್ತಿದ್ದರು. ಲೈನ್ ಕಟ್ಟಾಯಿತು.

ಅಜ್ಜಿ ರೇಡಿಯೋ ಆಫ್ ಮಾಡಿದರು. ಆಮೇಲೆ ಅದನ್ನು ಮುಟ್ಟಲಿಲ್ಲ. ಸೊಪ್ಪು ಬಿಡಿಸುವಾಗ ಗುನುಗುತ್ತಿದ್ದವರು ಗುನುಗುವುದನ್ನೂ ಬಿಟ್ಟರು. ಮೂರನೇ ದಿನ ನನ್ನ ಕೈ ಹಿಡಿದು, "ನಂಗೂ ಸುರುವಾಯ್ತೇನಮ್ಮಿ? ನಮ್ಮಕ್ಕ ಅಂಜಮ್ಮಂಗೆ ಆಯ್ತಲ್ಲ, ಹಂಗೆ?" ಅಂದರು. ಅವರಕ್ಕ ಕೊನೆಗಾಲದಲ್ಲಿ ಹೆತ್ತ ಮಗನನ್ನೇ ಯಾರೆಂದು ಕೇಳುತ್ತಿದ್ದರು. ಆ ಭಯ ನಮ್ಮಜ್ಜಿಯ ಕಣ್ಣಲ್ಲಿ ಕಂಡಿತು. ಅವತ್ತೇ ತೀರ್ಮಾನ ಮಾಡಿದೆ. ಅದೇ ರೇಡಿಯೋದಲ್ಲಿ, ಅದೇ ಬಾಯಿಂದ, ಮುನಿಯಕ್ಕ ಹೇಳಿದ್ದೇ ಸರಿ ಅನ್ನಿಸಬೇಕು. ಅವನ ಮಾನ ಅವನ ಕೇಳುಗರ ಎದುರೇ ಹೋಗಬೇಕು.

ಮಾರನೇ ದಿನದಿಂದ ಅವನ ಬೆನ್ನು ಹತ್ತಿದೆ. ಕಾರ್ಡಿನ ಪ್ರೂಫ್‌ನಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಅವನ ಮಾತಿನಲ್ಲಿ ಹುಡುಕುವುದು ಯಾವ ಲೆಕ್ಕ? ದಿನಾ ಫೋನ್ ಮಾಡಿ, "ಚಾಮರಾಜಪೇಟೆಯಿಂದ ಯಶಶ್ರೀ. ಆ ಸಂಗೀತ ಅವರದಲ್ಲ, ಇವರದು. ಆ ಚಿತ್ರ ಬಂದಿದ್ದು ನೀವು ಹೇಳಿದ ವರ್ಷ ಅಲ್ಲ," ಅನ್ನುತ್ತಿದ್ದೆ. ಅವನೋ, ನಾಚಿಕೆ ಪಡುವುದು ಬಿಟ್ಟು, "ಬಂದ್ರು ನಮ್ಮ ಹೆಡ್‌ಮಿಸ್ಟ್ರೆಸ್ಸು!" ಅಂತ ಖುಷಿಪಟ್ಟ. ಜನ ನನ್ನ ಫೋನಿಗಾಗಿಯೇ ರೇಡಿಯೋ ಹಾಕತೊಡಗಿದರು. ನನ್ನ ಸೇಡಿನಿಂದ ಅವನ ಕಾರ್ಯಕ್ರಮ ಉದ್ಧಾರವಾಯಿತು. ನನ್ನ ಹೊಟ್ಟೆ ಹೇಗೆ ಉರಿದಿರಬೇಡ!

ಅಂಥವನು ಈಗ ಎದುರಿಗೆ ಕೂತು, ಕೆಂಪು ಕಾರ್ಡೋ ಹಳದಿಯೋ ಅಂತ ನನ್ನನ್ನೇ ಕೇಳುತ್ತಿದ್ದ. ತಂಗಿ ಚೈತನ್ಯಾಳ ಮುಹೂರ್ತದ ತಾರೀಖನ್ನು ಒಂದೇ ಒಂದು ಅಂಕಿ ಬದಲಿಸಿದರೆ ಸಾಕಿತ್ತು. ಅರ್ಧ ಗಂಟೆ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆ ಹುಡುಗಿ ನನಗೇನು ಮಾಡಿದ್ದಾಳೆ ಅಂತ ಬಿಟ್ಟೆ. ಆದರೆ ಇವನನ್ನು ಸುತ್ತಿಸುವುದಕ್ಕೆ ಅಡ್ಡಿಯಿರಲಿಲ್ಲ. "ಗುರುವಾರ ಬನ್ನಿ," ಅಂದೆ. ಗುರುವಾರ ಬಂದರೆ "ಸೋಮವಾರ" ಅಂದೆ.

ವಿಚಿತ್ರವೆಂದರೆ, ಪ್ರೂಫ್ ಕೊಟ್ಟ ಮೇಲೂ ಅವನು ಬರುತ್ತಲೇ ಇದ್ದ. 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ಒಮ್ಮೆ ಸೋದರತ್ತೆ ಬಿಟ್ಟುಹೋಗಿದ್ದರು. ಇನ್ನೊಮ್ಮೆ ಮೈಸೂರಿನ ದೊಡ್ಡಪ್ಪ.

"ನಿಮ್ಮ ಮನೇಲಿ ಎಷ್ಟು ಜನ ಇದಾರೆ ಸರ್?"

"ನೀವು ಎಷ್ಟು ಸಲ ಬಾ ಅಂತೀರೋ ಅಷ್ಟು ಜನ."

ಕಣ್ಣು ಕಾರ್ಡಿನ ಮೇಲೆ, ನಗು ನನ್ನ ಕಡೆಗೆ. ನಾನು ಬಗ್ಗಿ ಅಕ್ಷರ ತಿದ್ದತೊಡಗಿದೆ. ಸರಿಯಾಗಿದ್ದ ಅಕ್ಷರವನ್ನೇ ತಿದ್ದಿದ್ದೆ ಅಂತ ಅವನು ಹೋದ ಮೇಲೆ ಗೊತ್ತಾಯಿತು. ನನ್ನ ಮೇಲೇ ಕೆಂಡದಂಥ ಸಿಟ್ಟು ಬಂತು.

ಈ ನಡುವೆ ರೆಕಾರ್ಡಿನ ಬೇಟೆ ನಡೆದಿತ್ತು. ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದೆಲ್ಲ ಅದೇ ಅರ್ಧ. ಕೊನೆಗೆ ಗಾಂಧಿನಗರದಲ್ಲಿ ಏಕಾಂತಯ್ಯ ಸಿಕ್ಕರು. ಚಿತ್ರ ಹಂಚಿಕೆದಾರರ ಆಫೀಸಿನಲ್ಲಿ ಮೂವತ್ತು ವರ್ಷ ಮ್ಯಾನೇಜರ್ ಆಗಿದ್ದವರು, ಹಳೇ ರೆಕಾರ್ಡುಗಳನ್ನು ಮಕ್ಕಳಂತೆ ಸಾಕಿದವರು. ನನ್ನ ಮಾತು ಕೇಳಿ ಒಂದು ಕಪ್ಪು ತಟ್ಟೆ ತೆಗೆದು ಒರೆಸಿದರು.

"ಆ ಕಾಲದಲ್ಲಿ ಒಂದು ಮಗ್ಗುಲಿಗೆ ಮೂರು ನಿಮಿಷಾನೇ ಹಿಡಿಯೋದಮ್ಮ. ಹಾಡು ದೊಡ್ದಾದ್ರೆ ಮುರಿದು ಎರಡೂ ಕಡೆ ಹಾಕೋರು. ಕಂಪ್ಯೂಟರಿಗೆ ಏರಿಸಿದ ಪುಣ್ಯಾತ್ಮ ಯಾರೋ ಒಂದೇ ಕಡೆ ಏರ್ಸಿದಾನೆ. ಎಲ್ರೂ ಅದನ್ನೇ ಪೂರ್ತಿ ಹಾಡು ಅನ್ಕೊಂಡಿದಾರೆ."

ರೆಕಾರ್ಡ್ ತಿರುವಿ ಹಾಕಿದರು. ಗರಗರ ಶಬ್ದದ ಹಿಂದಿನಿಂದ ಅವಳು ಹಾಡಿದಳು. ಅಜ್ಜಿ ಹೇಳಿದ್ದ ಮಾತು, ಅಕ್ಷರ ಅಕ್ಷರ ಅದೇ. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಅಜ್ಜಿಗೆ ಆಗಲೇ ಓಡಿ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರ ಮುಂದೆ ಕಳೆದುಕೊಂಡಿದ್ದನ್ನು ಅಡುಗೆಮನೆಯಲ್ಲಿ ಗುಟ್ಟಾಗಿ ವಾಪಸ್ ಕೊಡಬಾರದು ಅಂದುಕೊಂಡೆ. ನಾಲ್ಕು ದಿನ ಬಾಯಿ ಕಟ್ಟಿಕೊಂಡಿದ್ದು ನನಗೇ ಗೊತ್ತು. ಆ ಶನಿವಾರ ಬಸವನಗುಡಿಯ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಸಮರ್ಥನ ಕೇಳುಗರ ಸಭೆ ಇತ್ತು. ನೇರ ಪ್ರಸಾರ ಬೇರೆ. ಏಕಾಂತಯ್ಯ ತಮ್ಮ ಗ್ರಾಮಾಫೋನ್ ಸಮೇತ ಬರಲು ಒಪ್ಪಿದರು.

ಶುಕ್ರವಾರ ಸಮರ್ಥ ಕಾರ್ಡುಗಳ ಕಟ್ಟು ತೆಗೆದುಕೊಂಡು ಹೋಗಲು ಬಂದ. ತೆಗೆದುಕೊಂಡ. ಹೋಗಲಿಲ್ಲ.

"ಯಶಶ್ರೀ," ಅಂದ.

ಅಂಗಡಿಯಲ್ಲಿ ನಾನು ಅವನಿಗೆ ಹೆಸರು ಹೇಳಿರಲಿಲ್ಲ.

"ಮೊದಲ ದಿನ 'ಕೂತ್ಕೊಳಿ ಸರ್' ಅಂದ್ರಲ್ಲ, ಆಗ್ಲೇ ಗೊತ್ತಾಯ್ತು ನಮ್ಮ ಹೆಡ್‌ಮಿಸ್ಟ್ರೆಸ್ಸು ಅಂತ. ಧ್ವನಿ ಗುರುತಿಸೋದು ನನ್ನ ಕೆಲಸ. ಮೈಸೂರಲ್ಲಿ ನಂಗೆ ಯಾವ ದೊಡ್ಡಪ್ಪನೂ ಇಲ್ಲ, ಬರೋಕೆ ನೆಪ ಬೇಕಿತ್ತು ಅಷ್ಟೆ." ಗುಳಿ ಮಾಯವಾಗಿತ್ತು. "ನಿಮ್ಮ ಫೋನ್ ಬರದ ದಿನ ನಂಗೆ ಇಷ್ಟಾನೇ ಆಗಲ್ಲ. ಆದ್ರೆ ನಿಮ್ಮ ದನೀಲಿ ತಮಾಷೆ ಇಲ್ಲ, ನಿಜವಾದ ಸಿಟ್ಟಿದೆ. ಏನು ಮಾಡಿದೀನಿ ನಾನು?"

ನೆನಪೇ ಇಲ್ಲ ಇವನಿಗೆ! ನಮ್ಮಜ್ಜಿಯ ಬಾಯಿ ಮುಚ್ಚಿಸಿದ್ದು ಇವನ ಪಾಲಿಗೆ ಇನ್ನೊಂದು ಫೋನ್ ಕಾಲ್ ಅಷ್ಟೆ. ಎದೆಯೊಳಗೆ ಕರಗಲು ಹೊರಟಿದ್ದೆಲ್ಲ ಮತ್ತೆ ಕಲ್ಲಾಯಿತು.

"ನಾಳೆ ಪಾರ್ಕಿಗೆ ಬಂದು ಹೇಳ್ತೀನಿ," ಅಂದೆ. "ಮೈಕ್ ಕೊಡಿ."

"ಕೊಡ್ತೀನಿ," ಅಂದ, ಏನೂ ಕೇಳದೆ.

ಕೊಟ್ಟ. ಇನ್ನೂರು ಜನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಜ್ಜಿಯನ್ನು ಲಾಲ್‌ಬಾಗಿಗೆ ಅಂತ ಸುಳ್ಳು ಹೇಳಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ನಾನು ಒಂದು ಮಾತೂ ಬಿಡದೆ ಹೇಳಿದೆ. ತಾರೀಖು, ಹಾಡು, ಅವನು ಆಡಿದ ಮಾತು, ಒತ್ತಿದ ಗುಂಡಿ. "ಅವತ್ತಿನಿಂದ ನಮ್ಮಜ್ಜಿ ರೇಡಿಯೋ ಹಾಕಿಲ್ಲ. ನಲವತ್ತಮೂರು ದಿನ ಆಯ್ತು. ತನಗೆ ಬುದ್ಧಿ ಹೋಗ್ತಿದೆ ಅಂತ ಒಬ್ಬರೇ ಹೆದರ್ಕೊಂಡು ಕೂತಿದಾರೆ. ಈಗ ಕೇಳಿ."

ಏಕಾಂತಯ್ಯ ಮೊದಲ ಮಗ್ಗುಲು ಹಾಕಿದರು. ಹಾಡಿನ ನಾಯಕ ಕೇಳಿದ, ಹಾಡು ನಿಂತಿತು. ಅವರು ರೆಕಾರ್ಡ್ ತಿರುವಿದರು. ಮುಳ್ಳು ಇನ್ನೂ ತಟ್ಟೆ ಮುಟ್ಟಿರಲಿಲ್ಲ, ಮುಂದಿನ ಸಾಲಿನಿಂದ ಒಂದು ಸಣ್ಣ ಒಡಕು ದನಿ ಎದ್ದಿತು. ಅಜ್ಜಿ ಹಾಡುತ್ತಿದ್ದರು. ರೆಕಾರ್ಡಿನವಳು ಹಿಂದಿನಿಂದ ಬಂದು ಕೂಡಿಕೊಂಡಳು. ಒಂದು ಸಾಲೂ ತಪ್ಪಲಿಲ್ಲ.

ನಾನು ಸಮರ್ಥನ ಮುಖವನ್ನೇ ನೋಡುತ್ತಿದ್ದೆ. ನಲವತ್ತಮೂರು ದಿನ ಕಾದಿದ್ದು ಆ ಮುಖ ಬಿಳಿಚುವುದನ್ನು ನೋಡಲೆಂದೇ. ಬಿಳಿಚಿತು. ತುಂಬಾ ಹಿತವಾಗಿತ್ತು, ಯಾಕೆ ಮುಚ್ಚಿಡಲಿ.

ಅವನು ತಮಾಷೆ ಮಾಡಿ ಜಾರಿಕೊಳ್ಳಬಹುದಿತ್ತು. ಮಾಡಲಿಲ್ಲ. ಮೈಕ್ ಹಿಡಿದು ಅಜ್ಜಿಯ ಎದುರು ನೆಲದ ಮೇಲೆ ಕೂತ.

"ನಗೋ ಗುಂಡಿ ಒತ್ತಿದ್ದು ನಾನೇ ಅಜ್ಜಿ. ನಂಗೆ ಹಾಡು ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅನ್ನೋದೂ ಗೊತ್ತಿರ್ಲಿಲ್ಲ. ಮುನಿಯಕ್ಕನವರು ಹೇಳಿದ್ದೇ ಸರಿ. ಎಲ್ಲ ಕೇಳುಗರ ಮುಂದೆ ಹೇಳ್ತಿದೀನಿ, ತಪ್ಪಾಯ್ತು."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನು ದಿಟ್ಟಿಸಿದರು. ಸಿಟ್ಟು ನನಗೆ ಎಲ್ಲಿಂದ ಬಂತು ಅಂತ ಅವತ್ತು ಊರಿಗೆಲ್ಲ ತಿಳಿಯಿತು.

"ತಪ್ಪಾಯ್ತು ಅಂದ್ಬುಟ್ರೆ ಆಗೋಯ್ತಾ? ನಲವತ್ತಮೂರು ದಿನ ನಾನು ಸುಮ್ಕೆ ಕುಂತಿದೀನಿ. ನೀನು ನಲವತ್ತಮೂರು ದಿನ ಇದೇ ಹಾಡು ಹಾಕು. ಎರಡೂ ಮಗ್ಗುಲು."

ಜನ ಚಪ್ಪಾಳೆ ತಟ್ಟಿದರು. ಅವನು ಹಾಕಿದ. ದಿನಾ ಹನ್ನೊಂದಕ್ಕೆ, ಭಾನುವಾರವೂ ಬಿಡದೆ. ಸ್ಟೇಷನ್ನಿನವರು ಗೊಣಗಿದರಂತೆ. ಆದರೂ ಹಾಕಿದ. ಸಂಜೆ ಅಂಗಡಿಗೆ ಬಂದು, "ಇವತ್ತಿಂದೂ ಆಯ್ತು. ಸಿಟ್ಟು ಇಳೀತಾ?" ಅನ್ನುತ್ತಿದ್ದ. "ಇಲ್ಲ," ಅಂತ ನಾನು ಪ್ರೂಫ್‌ನಿಂದ ತಲೆ ಎತ್ತುತ್ತಿರಲಿಲ್ಲ. ನಾಳೆ ಬರ್ತೀನಿ ಅಂದು ಹೋಗುತ್ತಿದ್ದ. ಅವನು ಬೀದಿ ತಿರುಗುವವರೆಗೂ ಗಾಜಿನ ಬಾಗಿಲಲ್ಲಿ ನೋಡುತ್ತಿದ್ದೆ.

ನಲವತ್ತಮೂರನೇ ಸಂಜೆ ಬಂದವನು ಕೂರಲಿಲ್ಲ.

"ಅಜ್ಜಿ ಕ್ಷಮಿಸಿದಾರೆ, ಮಧ್ಯಾಹ್ನ ಅವರೇ ಫೋನ್ ಮಾಡಿದ್ರು. ನೀವು ಕ್ಷಮಿಸಲ್ಲ ಅಂತ ಗೊತ್ತಾಯ್ತು. ಇನ್ಮೇಲೆ ಬಂದು ಕಾಡಲ್ಲ ಯಶಶ್ರೀ. ಇಷ್ಟ ಆಗಿದ್ರಿ, ಅದಕ್ಕೆ ಬರ್ತಿದ್ದೆ. ಬರ್ತೀನಿ."

ಬಾಗಿಲವರೆಗೆ ಹೋದ. ನನ್ನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

"ಸಮರ್ಥ, ನಿಂತ್ಕೊಳ್ರೀ!"

ನಿಂತ.

"ಸಿಟ್ಟು ಒಂಬತ್ತನೇ ದಿನಾನೇ ಹೋಗಿತ್ತು," ಅಂದೆ. "ಹೇಳಿಬಿಟ್ರೆ ನಾಳೆಯಿಂದ ಬರಲ್ವೇನೋ ಅಂತ ಹೇಳ್ಲಿಲ್ಲ."