ಎದ್ದ ಹೊತ್ತು, ಕೂತ ಹೊತ್ತು

2025ರ ಜನವರಿ 22, ಬುಧವಾರ. ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ನಾಂಪಲ್ಲಿ ಕಡೆಯ ಒಂದು ಪೊಲೀಸ್ ಠಾಣೆಗೆ ಸುಶಾಂತ ಎಂಬಾತ ದೂರು ತಂದ. ಗಡಿ ಜಿಲ್ಲೆಗಳ ಹಳೆಯ ಕನ್ನಡ ದಾಖಲೆಗಳನ್ನು ಸ್ಕ್ಯಾನ್ ಮಾಡಿಕೊಡುವ ಖಾಸಗಿ ಕಚೇರಿಗೆ ಆತ ಮ್ಯಾನೇಜರ್. ಬೆಳಗ್ಗೆ ಹನ್ನೊಂದೂವರೆಗೆ ದಾಖಲೆ ಕೋಣೆಯಲ್ಲಿದ್ದಾಗ ಯಾರೋ ಹೊರಗಿನಿಂದ ಕಬ್ಬಿಣದ ಬಾಗಿಲಿನ ಚಿಲಕ ಹಾಕಿದರು. ಫೋನು ಹೊರಗೆ ಮೇಜಿನ ಮೇಲಿತ್ತು. ನಾಲ್ಕೂ ಇಪ್ಪತ್ತಕ್ಕೆ ಮಾಲೀಕರು ಬಂದು ಬಾಗಿಲು ತೆಗೆದರು.

ಇನ್‌ಸ್ಪೆಕ್ಟರ್ ಚಂದ್ರಹಾಸ ಕೂಡಲು ಹೇಳಿದರೂ ಸುಶಾಂತ ಕೂಡಲಿಲ್ಲ. ಕೈಚೀಲವನ್ನು ಪ್ಯಾಂಟಿನ ಮುಂದೆ ಹಿಡಿದುಕೊಂಡೇ ನಿಂತಿದ್ದ.

"ಯಾರ ಮ್ಯಾಲ ಅನುಮಾನ ಐತಿ?"

"ಅಲ್ಲಿ ದುಡಿಯೋ ಹದಿನಾಲ್ಕೂ ಹೆಣ್ಣಮಕ್ಕಳ ಮ್ಯಾಲರಿ. ನಾಳೆ ಸಂಜೀತನಕ ಕಾಯ್ತೀನಿ. ಒಬ್ಬಾಕಿ ಸಿಗಲಿಲ್ಲಂದ್ರ ಹದಿನಾಲ್ಕೂ ಮಂದೀನ ಕೆಲಸದಿಂದ ತೆಗೀತೀನಿ."

ಅಕ್ರಮ ಬಂಧನ, ಬಿಎನ್‌ಎಸ್ ಕಲಂ 127(2)ರ ಅಡಿ ಎಫ್‌ಐಆರ್ ದಾಖಲಾಯಿತು.

ಆರೂ ಕಾಲಿಗೆ ಸ್ಥಳ ಪಂಚನಾಮೆ. ಕೆಳಗಿನ ಚಹಾ ಅಂಗಡಿಯ ಸಾಬಣ್ಣ ಮತ್ತು ಪಕ್ಕದ ಝೆರಾಕ್ಸ್ ಅಂಗಡಿಯ ಪರಮೇಶ ಪಂಚರು. ಮಹಿಳಾ ಕಾನ್‌ಸ್ಟೇಬಲ್ ಭಾಗ್ಯಶ್ರೀ ಬರೆದುಕೊಂಡಳು. ಕಬ್ಬಿಣದ ಬಾಗಿಲು, ಹೊರಗಡೆ ಚಿಲಕ, ಕಿಟಕಿ ಇಲ್ಲ. ಮೂಲೆಯಲ್ಲಿ ನೆಲ ಒದ್ದೆ.

"ಅದನ್ನ ಬರಿಬ್ಯಾಡ್ರಿ," ಎಂದ ಸುಶಾಂತ.

"ಇದ್ದದ್ದನ್ನ ಬರೀಲೇಬೇಕಾಗ್ತದರಿ," ಎಂದರು ಚಂದ್ರಹಾಸ.

ಹೊರಗಿನ ಹಾಲಿನಲ್ಲಿ ಹದಿನೈದು ಯಂತ್ರಗಳು, ಕೈ ಊರಲು ಏನೂ ಇಲ್ಲದ ಹದಿನೈದು ಪ್ಲಾಸ್ಟಿಕ್ ಕುರ್ಚಿಗಳು. ಒಂದಕ್ಕೆ ಬಟ್ಟೆ ಹೊದಿಸಿತ್ತು. ಬೆಳಗ್ಗೆ ಒಂಬತ್ತರಿಂದ ಸಂಜೆ ಐದೂವರೆವರೆಗೆ ಕತ್ತು ಬಗ್ಗಿಸಿ, ದೂಳು ಕುಡಿದು, ತಲೆಗೆ ಸಾವಿರದ ಎಂಟುನೂರು ಪುಟ. ಊಟವೂ ಅದೇ ಕುರ್ಚಿಯಲ್ಲಿ. ಗೋಡೆಯ ಮೇಲೆ ಹೊಸ ಸೂಚನೆ, ಆ ದಿನದ ತಾರೀಖಿನದು: "ಇನ್ನು ಮುಂದೆ ಬಾಥ್‌ರೂಮಿಗೆ ದಿನಕ್ಕೆ ಎರಡು ಸಲ ಅಲ್ಲ, ಒಂದೇ ಸಲ. ನಾಲ್ಕು ನಿಮಿಷ."

ಚಂದ್ರಹಾಸ ಅದನ್ನು ಎರಡು ಸಲ ಓದಿದರು. ಬೀದಿಯ ನಾಯಿಗೂ ಕಾಲೆತ್ತಲು ಯಾರ ಅಪ್ಪಣೆಯೂ ಬೇಕಿಲ್ಲ.

ಮರುದಿನ ಹತ್ತು ಗಂಟೆಗೆ ವಿಚಾರಣೆ ಶುರುವಾಯಿತು. ಮೊದಲು ಬಂದವಳು ಸುಗಲಮ್ಮ.

"ಚಿಲಕ ಹಾಕಿದವರು ಯಾರು?"

"ಗೊತ್ತಿಲ್ಲರಿ."

"ಐದು ತಾಸು ಬಾಗಿಲು ಬಡದಾನ. ಕೇಳಲಿಲ್ಲ?"

"ಮಷೀನ್ ಸಪ್ಪಳ ಭಾಳರಿ."

ಹದಿನಾಲ್ಕು ಮಂದಿಯದೂ ಅದೇ ಮಾತು. ಮೊದಲೇ ಮಾತಾಡಿಕೊಂಡು ಬಂದಿದ್ದಾರೆಂದು ಚಂದ್ರಹಾಸರಿಗೆ ತಿಳಿಯಿತು. ಒತ್ತಿ ಕೇಳುವ ಮನಸ್ಸಾಗಲಿಲ್ಲ, ಆದರೆ ಸುಶಾಂತ ಕೊಟ್ಟ ಗಡುವು ಸಂಜೆಗೆ ಮುಗಿಯುತ್ತಿತ್ತು.

ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಭಾಗ್ಯಶ್ರೀ ಕಚೇರಿಯ ರಿಜಿಸ್ಟರ್ ಒಂದನ್ನು ತಂದಿಟ್ಟಳು. ಹೆಸರು, ಎದ್ದ ಹೊತ್ತು, ಕೂತ ಹೊತ್ತು. ಕುರ್ಚಿ ಬಿಟ್ಟೆದ್ದವರು ಇದರಲ್ಲಿ ಬರೆದ ಮೇಲೆಯೇ ಸುಶಾಂತ ಬಾಥ್‌ರೂಮಿನ ಕೀಲಿ ಕೊಡುತ್ತಿದ್ದ. ಬುಧವಾರದ ಕೊನೆಯ ಸಾಲು: ಗೋದಾಬಾಯಿ, 11.29, 11.31. ಆಮೇಲೆ ಇಡೀ ದಿನ ಖಾಲಿ.

"ಕೀಲಿ ಎಲ್ಲಿತ್ತು?" ಚಂದ್ರಹಾಸ ಫೋನಿನಲ್ಲಿ ಸುಶಾಂತನನ್ನು ಕೇಳಿದರು.

"ನನ್ನ ಕಿಸೇದಾಗ ಇತ್ತರಿ, ಯಾವಾಗ್ಲೂ."

ಕೀಲಿ ಕೋಣೆಯ ಒಳಗೆ, ಸುಶಾಂತನ ಕಿಸೆಯಲ್ಲಿ. ಹಾಗಿದ್ದರೆ ಗೋದಾಬಾಯಿ ಎದ್ದದ್ದು ಬಾಥ್‌ರೂಮಿಗಲ್ಲ.

ಐವತ್ತೊಂದು ವರ್ಷದ ಗೋದಾಬಾಯಿ ಮಲ್ಕಾಜ್‌ಗಿರಿಯವರು, ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದವರು. ಅವರನ್ನು ಮತ್ತೆ ಕರೆಸಿದರು. ರಿಜಿಸ್ಟರ್ ನೋಡಿದ ಕೂಡಲೇ ಹಣೆ ಗಟ್ಟಿಸಿಕೊಂಡರು.

"ಅಯ್ಯ, ಬರದೀನೇನ್ರಿ ನಾನು!"

"ಬರದೀರಿ."

"ಹನ್ನೊಂದು ವರ್ಷದ ರೂಢಿರಿ ಸಾಹೇಬ್ರ. ಬರೀದ ಎದ್ರ ಮೆಮೊ ಕೊಡತಾರ. ಕಳ್ಳತನ ಮಾಡಾಕ ಎದ್ರೂ ಕೈ ತಾನ ಬರೀತದ."

"ಉಳಿದವರಿಗೆ ಗೊತ್ತಿತ್ತು?"

"ನಾನ ಹಾಕೀನಿ, ನನ್ನದಷ್ಟ ಬರಕೋರಿ. ಅವರನ್ನ ಕೆಲಸದಿಂದ ತೆಗೀಬ್ಯಾಡ ಅಂತ ಆ ಮನಷ್ಯಾಗ ಹೇಳ್ರಿ."

"ಕೀಲಿ ಒಳಗಿತ್ತು. ಐದು ತಾಸು ನಿಮಗ್ಯಾರಿಗೂ ಹೋಗಾಕ ಆಗಿಲ್ಲ."

"ಇಲ್ಲರಿ. ಕುಂತಿವಿ." ಗೋದಾಬಾಯಿ ತಲೆ ಎತ್ತಿದರು. "ನಮಗ ರೂಢಿ ಐತಿ. ಅವಗ ಇರಲಿಲ್ಲ."

ಬಟ್ಟೆ ಹೊದಿಸಿದ ಕುರ್ಚಿ ಯಾರದೆಂದು ಚಂದ್ರಹಾಸ ಕೇಳಿದರು.

"ಭಕ್ತಿದು. ಇಪ್ಪತ್ತಾರು ವರ್ಷದ ಹುಡಿಗಿ, ನನ್ನ ಬಾಜೂಕ ಕುಂದರತಿದ್ದಳು. ಉರಿ ಅಂತ ಮೂರನೇ ಸಲ ಕೀಲಿ ಕೇಳಿದಳರಿ. ನಾಳೆ ಬಾ ಅಂದ. ಎಲ್ಲಾರ ಮುಂದ ನಕ್ಕ. ನೀರ ಕುಡಿಯೋದು ಬಿಟ್ಟಳು. ಜ್ವರ ಬಂತು, ಕೀವು ಆತು. ಹೋದ ವಾರ ಒಂದು ಕಿಡ್ನಿ ತಗದ್ರು. ನಿನ್ನಿ ಮುಂಜಾನೆ ಅಕೀನ್ನ ನೋಡಿ ಬಂದು ಕುಂತೀನಿ, ಗ್ವಾಡಿಗೆ ಆ ಕಾಗದ ಹಚ್ಚಾಕತ್ತಿದ್ದ. ಒಂದ ಸಲ ಅಂತ!"

ನೋಟಿಸ್ ಕೊಟ್ಟು ಕಳಿಸಬಹುದಾದ ಪ್ರಕರಣ ಇದು. ಆದರೆ ಮಾಲೀಕರು ಯಾರಿಗೋ ಹೇಳಿದ್ದರು, ಮಧ್ಯಾಹ್ನ ಮೇಲಿನಿಂದ ಫೋನು ಬಂತು. ಬಂಧನ ಆಗಲೇಬೇಕು, ಹೆಣ್ಣುಮಗಳಾದ್ದರಿಂದ ಕತ್ತಲಾಗುವ ಮೊದಲೇ ಆಗಬೇಕು. ಒಬ್ಬಳ ಕಿಡ್ನಿ ಹೋದಾಗ ಯಾವ ಫೋನೂ ಬಂದಿರಲಿಲ್ಲ. ಮೂರೂ ನಲವತ್ತಕ್ಕೆ ಭಾಗ್ಯಶ್ರೀಯ ಸಮಕ್ಷಮ ಗೋದಾಬಾಯಿಯವರನ್ನು ಬಂಧಿಸಲಾಯಿತು.

ರಿಜಿಸ್ಟರನ್ನು ಜಪ್ತಿ ಪಂಚನಾಮೆಗೆ ಸೇರಿಸುವಾಗ ಸುಶಾಂತ ಗಡಿಬಿಡಿಯಿಂದ ಬಂದ. "ಆರೋಪಿ ಸಿಕ್ಕಳಲ್ಲರಿ, ಆ ಬುಕ್ ವಾಪಸ್ ಕೊಡ್ರಿ."

"ಇದು ಕೋರ್ಟಿಗೆ ಹೋಗ್ತದ. ನಕಲು ಕಾರ್ಮಿಕ ಇಲಾಖೆಗೂ ಹೋಗ್ತದ. ಸಂಜಿ ಮುಂದ ಭಕ್ತಿ ಹೇಳಿಕೆ ತಗೊಳ್ಳಾಕ ನಾನ ಆಸ್ಪತ್ರೆಗೆ ಹೊಂಟೀನಿ. ಉಳಿದ ಹದಿಮೂರು ಮಂದಿ ಇನ್ನ ನನ್ನ ಸಾಕ್ಷಿದಾರರು. ಒಬ್ಬಾಕಿನ್ನ ತಗದ್ರೂ ಸಾಕ್ಷಿಗೆ ಬೆದರಿಕಿ ಅಂತ ನಿಮ್ಮ ಹೆಸರು ಬರೀತೀನಿ. ನಡೀರಿ."

ಐದೂ ಇಪ್ಪತ್ತರ ಹೊತ್ತಿಗೆ ಕಾಗದಪತ್ರ ಮುಗಿದವು. ಜಾಮೀನಿಗೆ ಗೋದಾಬಾಯಿಯ ತಮ್ಮ ಮಹೇಶಕುಮಾರ ತಾರ್ನಾಕದಿಂದ ಹೊರಟಿದ್ದ. ಚಂದ್ರಹಾಸ ಕೇಸ್ ಡೈರಿಯಲ್ಲಿ ಬರೆದರು: ಆರೋಪಿಗೆ ಫಿರ್ಯಾದಿಯ ಮೇಲೆ ಸ್ವಂತ ವೈರವಿಲ್ಲ. ತಾನು ಪಟ್ಟದ್ದನ್ನು ಅವನೂ ಒಂದು ದಿನ ಪಡಲಿ ಎಂಬುದೇ ಪ್ರೇರಣೆ.

ಎದುರು ಬೆಂಚಿನಲ್ಲಿ ಗೋದಾಬಾಯಿ ಭಾಗ್ಯಶ್ರೀಯ ಕಿವಿಯಲ್ಲಿ ಏನೋ ಹೇಳಿದರು. ಭಾಗ್ಯಶ್ರೀ ಎದ್ದು ನಿಂತಳು, ಹೆಜ್ಜೆ ಮಾತ್ರ ಮುಂದಿಡಲಿಲ್ಲ.

"ಏನಂತ?"

"ಬಾಥ್‌ರೂಮಿಗೆ ಹೋಗಬೇಕಂತರಿ, ಸರ್."

"ಕರಕೊಂಡು ಹೋಗು."

"ಎಲ್ಲಿಗರಿ?" ಭಾಗ್ಯಶ್ರೀ ನೆಲ ನೋಡಿದಳು. "ಠಾಣ್ಯಾಗ ಹೆಣ್ಣಮಕ್ಕಳದು ಇಲ್ಲ. ನಾನು ಎದುರಿನ ಲ್ಯಾಬಿಗೆ ಹೋಗ್ತೀನಿ. ಅವರು ಐದಕ್ಕ ಬಾಗಲಾ ಹಾಕ್ತಾರ."

"ಐದರ ಮ್ಯಾಲ?"

"ನೀರ ಕುಡಿಯಂಗಿಲ್ಲರಿ."

"ಎಷ್ಟು ದಿನ ಆತು?"

"ನಾಕು ವರ್ಷ."

ಯಾರ ಮೇಲೆ ಹರಿಹಾಯಬೇಕೆಂದು ಚಂದ್ರಹಾಸ ಸುತ್ತಲೂ ನೋಡಿದರು. ಆ ಠಾಣೆಗೆ ಅವರೇ ಹಿರಿಯರು, ಎರಡೂವರೆ ವರ್ಷದಿಂದ. ಅವರ ಕೋಣೆಗೆ ಹೊಂದಿಕೊಂಡು ಅವರದೊಂದು ಬಾಥ್‌ರೂಮ್ ಇತ್ತು. ಬಾಗಿಲು ತೆರೆದು ಅವರೇ ಬದಿಗೆ ಸರಿದು ನಿಂತರು. ಗೋದಾಬಾಯಿ ಹೋಗಿಬಂದು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಭಾಗ್ಯಶ್ರೀಗೆ ಹೇಳಿದರು, "ನೀನೂ ಹೋಗಿ ಬಾ ತಂಗಿ."

ಭಾಗ್ಯಶ್ರೀ ಅಪ್ಪಣೆಗಾಗಿ ಚಂದ್ರಹಾಸರ ಮುಖ ನೋಡಿದಳು.

"ನನ್ನ ಮಾರಿ ಯಾಕ ನೋಡ್ತಿ?" ಚಂದ್ರಹಾಸರ ಕೂಗು ಇಡೀ ಠಾಣೆಗೆ ಕೇಳಿತು. "ಹೋಗವ್ವಾ!"