ಹನ್ನೊಂದನೇ ಮಗ್ಗು

“ಹತ್ತು... ಹನ್ನೊಂದು!”

ಹನ್ನೊಂದನೇ ಮಗ್ಗು ಸುರಿದ ಮೇಲಷ್ಟೇ ತೊಟ್ಟಿಯ ನೀರು ನಡುವಿನ ಗುರುತಿನ ಮೊಳೆಯ ತುದಿ ಮುಟ್ಟಿತು. ಚೂಟಿ ಕಣ್ಣರಳಿಸಿದಳು. ನಿನ್ನೆ ಬೆಳಿಗ್ಗೆ ಇಲ್ಲಿಯವರೆಗೇ ತುಂಬಿಸಿದ್ದಳು. ಒಂದೇ ದಿನದಲ್ಲಿ ಅಷ್ಟೊಂದು ನೀರು ಎಲ್ಲಿ ಹೋಯಿತು?

“ಏಯ್ ಡುಮ್ಮ! ಬೋಟ್ ಬಿಡೋಕೆ ನೀರು ಕದ್ದೆಯಾ?”

“ನಾನಲ್ಲಪ್ಪಾ!” ತಮ್ಮ ಡುಮ್ಮ ಮುಖ ಉಬ್ಬಿಸಿದ. “ಮೇಲೆ ಬಲೆ ಇದೆಯಲ್ಲ. ನನ್ನ ಬೆರಳೂ ಹೋಗಲ್ಲ, ನೋಡು!”

ಅದೂ ನಿಜ. ಕಾಗೆಯೂ ಕೊಕ್ಕು ಹಾಕಲಾಗದ ತಂತಿಬಲೆ ಅದು. ತೊಟ್ಟಿ ಸೋರುತ್ತಿದೆಯೇ ಎಂದು ಬಗ್ಗಿ ನೋಡಿದಳು. ಕೆಳಗೆ ಒಣ ಮಣ್ಣು, ಅದರ ಮೇಲೊಂದು ಇರುವೆ ಸಾಲು.

ನದಿ ಆಫೀಸಿನ ಈ ಕೆಲಸ ಅಮ್ಮನದು. ದಿನಾ ಬೆಳಿಗ್ಗೆ ತೊಟ್ಟಿ ತುಂಬಿಸಿ, ಎಷ್ಟು ಮಗ್ಗು ಹಿಡಿಯಿತೆಂದು ಪುಸ್ತಕದಲ್ಲಿ ಬರೆಯಬೇಕು. ಅಮ್ಮನ ಕಾಲು ಉಳುಕಿದ್ದರಿಂದ ಈ ವಾರ ಚೂಟಿಯ ಸರದಿ. ಒಂಬತ್ತು ಗಂಟೆಗೆ ಕಾಲುವೆ ಮಾಮ ಆ ಪುಸ್ತಕ ನೋಡಿಯೇ ಹೊಲಗಳಿಗೆ ನೀರು ಬಿಡುತ್ತಿದ್ದರು.

ಚೂಟಿ ಹಳೆಯ ಪುಟಗಳನ್ನು ತಿರುವಿದಳು. ಹಿಂದಿನ ವರ್ಷಗಳಲ್ಲಿ ಇದೇ ತಿಂಗಳು ಏಳು, ಎಂಟು. ಅಬ್ಬಬ್ಬಾ ಎಂದರೆ ಒಂಬತ್ತು. ‘ನಾನೇ ಎಣಿಕೆ ತಪ್ಪಿರಬೇಕು. ಹನ್ನೊಂದು ಅಂದ್ರೆ ಎಲ್ರೂ ನಗ್ತಾರೆ.’

ಮೆಲ್ಲಗೆ ‘9’ ಎಂದು ಬರೆದಳು.

ಮನೆಗೆ ಬಂದಾಗ ಅಮ್ಮ ಕಾಲು ಚಾಚಿ ಕೂತಿದ್ದರು. “ಎಷ್ಟು ಬಂತೇ?”

“ಒಂ... ಒಂಬತ್ತು.”

“ಸುಳ್ಳು! ಹನ್ನೊಂದು!” ಡುಮ್ಮ ಕೂಗಿದ. “ನನ್ನನ್ನೇ ಕಳ್ಳ ಅಂದ್ಲು!”

ಅಮ್ಮ ಬೈಯಲಿಲ್ಲ. “ತಲೆಗೆ ಸ್ನಾನ ಮಾಡಿ ಹಾಗೇ ಓಡಿದ್ದೆಯಲ್ಲ. ಈಗ ಕೂದಲು ಮುಟ್ಟಿ ನೋಡ್ಕೋ.”

ಚೂಟಿ ಮುಟ್ಟಿ ನೋಡಿದಳು. ಗರಿಗರಿ ಒಣಗಿತ್ತು! “ಫ್ಯಾನೂ ಹಾಕಿಲ್ಲ!”

“ವರ್ಷದಿಂದ ವರ್ಷಕ್ಕೆ ಬಿಸಿ ಏರ್ತಿದೆ ಕಣೇ. ಬಿಸಿ ಗಾಳಿಗೆ ಬಾಯಾರಿಕೆ ಜಾಸ್ತಿ. ತೊಟ್ಟೀದೂ ಕುಡಿಯುತ್ತೆ, ಮಣ್ಣಿಂದೂ ಕುಡಿಯುತ್ತೆ, ಗಿಡದ ಎಲೆಯಿಂದಲೂ ಹೀರುತ್ತೆ.”

ಎಲೆಯಿಂದಲೂ! ಹಾಗಾದರೆ ಹೊಲದ ಗಿಡಗಳಿಗೂ ನೀರು ಜಾಸ್ತಿ ಬೇಕು. ಕಾಲುವೆ ಮಾಮ ಒಂಬತ್ತನ್ನೇ ನಂಬಿಬಿಟ್ಟರೆ?

ಗೋಡೆ ಗಡಿಯಾರದಲ್ಲಿ ಒಂಬತ್ತಕ್ಕೆ ಐದು ನಿಮಿಷವಿತ್ತು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಡುಮ್ಮನದು ಸಿಕ್ಕಿಸಿಕೊಂಡು ಚೂಟಿ ಓಡಿದಳು. “ಅಕ್ಕಾ, ನನ್ನ ಚಪ್ಪಲಿ!” ಎನ್ನುತ್ತಾ ಡುಮ್ಮ ಹಿಂದೆಯೇ ಕುಂಟುತ್ತಾ ಓಡಿದ.

“ಮಾಮಾ, ತಡೀರಿ!”

ಕಾಲುವೆ ಮಾಮ ಆಗಲೇ ಪುಸ್ತಕ ತೆರೆದಿದ್ದರು. ಚೂಟಿ ಒಂಬತ್ತರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘11’ ಎಂದು ಬರೆದಳು.

ಮಾಮ ಕನ್ನಡಕ ಏರಿಸಿದರು. “ಹನ್ನೊಂದಾ? ಸರಿಯಾಗಿ ಎಣಿಸಿದ್ದೀಯೇನಮ್ಮಾ?”

“ಹನ್ನೊಂದೇ ಮಾಮಾ. ಮೊದಲು ಬರೆದಿದ್ದೇ ತಪ್ಪು.”

“ಅಯ್ಯಯ್ಯೋ, ಹಾಗಾದ್ರೆ ಗೇಟು ಇನ್ನೊಂದು ಸುತ್ತು ತಿರುಗಿಸ್ಬೇಕು!” ಮಾಮ ದಡಬಡನೆ ಸೈಕಲ್ ಹತ್ತಿದರು.

ಚೂಟಿ ಅಂಗೈ ಒದ್ದೆ ಮಾಡಿಕೊಂಡು ಬಿಸಿಲಿಗೆ ಹಿಡಿದಳು. ಡುಮ್ಮ ಎಣಿಸತೊಡಗಿದ. ಅವನು ಐವತ್ತು ಮುಟ್ಟುವಷ್ಟರಲ್ಲಿ ಅಂಗೈ ಒಣಗಿಹೋಗಿತ್ತು.

“ಕಳ್ಳ ಸಿಕ್ಕಿದ್ನಲ್ಲ! ನಂಗೆ ಸಾರಿ ಹೇಳು.”

“ಸಾರಿ ಕಣೋ.”

“ನಾಳೆ ಹನ್ನೆರಡು ಬಂದ್ರೆ?”

ಚೂಟಿ ತನ್ನ ಒಣ ಅಂಗೈಯನ್ನೇ ಒಂದು ಗಳಿಗೆ ನೋಡಿದಳು.

“ಬಂದ್ರೆ ಹನ್ನೆರಡೇ ಬರೀತೀನಿ,” ಎಂದಳು.